ಸೌದೆ ಗಾಡಿಯಿಂದ ಶಿಕಾಗೋ ಮೇಯರ್ ಗಾದಿಗೆ: ಆಂಟನ್ ಸರ್ಮ್ಯಾಕ್ ಬಗ್ಗೆ ಗೊತ್ತಿರೋರು ಇಲ್ಲಿ ಬರೀರಿ

ಪೇಟೆ ಚರಿತ್ರೆ:
ಪಾಲಿಕೆ ಚುನಾವಣೆ ಮಾತು ಬಂದಾಗೆಲ್ಲ ಬೆಂಗಳೂರಲ್ಲಿ ಒಂದು ಜಗಳ ಏಳುತ್ತೆ: ಹೊರಗಿನಿಂದ ಬಂದು ವ್ಯಾಪಾರ ಮಾಡಿ ಬೆಳೆದವರು ಈ ಊರಿಗೆ ಮೇಯರ್ ಆಗಬಹುದಾ ಅಂತ. ಆಗ ಯಾರಾದರೊಬ್ಬರು ಶಿಕಾಗೋದ ಆಂಟನ್ ಸರ್ಮ್ಯಾಕ್ ಹೆಸರು ಎಳೆದು ತರ್ತಾರೆ. ತರೋದೇನೋ ಸರಿ, ಆದರೆ ಅರ್ಧ ಕಥೆ ತಪ್ಪು. ಮೊದಲು ಇಸವಿಗಳನ್ನ ಸರಿ ಮಾಡ್ಕೊಳ್ಳೋಣ.

ಹುಟ್ಟಿದ್ದು 1873ರ ಮೇ 9, ಬೊಹೀಮಿಯಾದ ಕ್ಲಾಡ್ನೋ. ಆಗ ಆಸ್ಟ್ರಿಯಾ-ಹಂಗೇರಿ, ಈಗ ಚೆಕ್ ಗಣರಾಜ್ಯ. ಮರುವರ್ಷ, ಕಂಕುಳ ಕೂಸಾಗಿದ್ದಾಗಲೇ, ಮನೆಯವರು ಅಮೆರಿಕಕ್ಕೆ ಬಂದರು. ಬೆಳೆದದ್ದು ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಅನ್ನೋ ಕಲ್ಲಿದ್ದಲು ಊರಲ್ಲಿ. ಹುಡುಗನಾಗಿದ್ದಾಗಲೇ ಗಣಿ ಕೆಲಸ. ಆಮೇಲೆ ಶಿಕಾಗೋದಲ್ಲಿ ಕುದುರೆ ಟ್ರಾಮಿನ ಚಾಕರಿ, ಸೌದೆ ವ್ಯಾಪಾರ, ಸಾಗಣೆ ಗಾಡಿಗಳು, ಕೊನೆಗೆ ನಿವೇಶನ ವ್ಯವಹಾರ.

ರಾಜಕೀಯದ ಲೆಕ್ಕ: 1902ರಲ್ಲಿ ರಾಜ್ಯ ವಿಧಾನಸಭೆ, 1909ರಲ್ಲಿ ನಗರ ಕೌನ್ಸಿಲ್, 1912ರಲ್ಲಿ ನಗರ ನ್ಯಾಯಾಲಯದ ಬೇಲಿಫ್ (ಕೋರ್ಟಿನ ಆದೇಶ ಜಾರಿ ಮಾಡೋ ಅಧಿಕಾರಿ), 1918ರಲ್ಲಿ ಶೆರಿಫ್ ಚುನಾವಣೆಯಲ್ಲಿ ಸೋಲು, 1919ರಲ್ಲಿ ಮತ್ತೆ ಕೌನ್ಸಿಲ್, 1922ರಲ್ಲಿ ಕುಕ್ ಕೌಂಟಿ (ಶಿಕಾಗೋ ಇರೋ ಜಿಲ್ಲೆ) ಮಂಡಳಿ ಅಧ್ಯಕ್ಷ, 1928ರಲ್ಲಿ ಸೆನೆಟ್‌ಗೆ ನಿಂತು ಸೋಲು, 1931ರ ಏಪ್ರಿಲ್‌ನಲ್ಲಿ ಮೇಯರ್. 1933ರ ಮಾರ್ಚ್ 6ರಂದು ಗುಂಡೇಟಿನ ನಂತರದ ಸಾವು.

"ಬಡ ಹುಡುಗ ಕಷ್ಟಪಟ್ಟು ಮೇಲೆ ಬಂದ" ಅಂತ ಒಂದೇ ಸಾಲಲ್ಲಿ ಮುಗಿಸೋರಿಗೆ ಒಂದು ಕೋರಿಕೆ. ನಡುವಿನ 29 ವರ್ಷ ಹೇಗೆ ನಡೀತು ಅನ್ನೋದನ್ನ ಬರೀರಿ.

ವಾರ್ಡ್ ಲೆಕ್ಕ:
ಮೊದಲು ಹೆಸರು. ಚೆಕ್ ಭಾಷೆಯಲ್ಲಿ ಚೆರ್ಮಾಕ್. ಶಿಕಾಗೋ ಬಾಯಲ್ಲಿ ಅದು ಸರ್ಮ್ಯಾಕ್. ಎರಡೂ ಸರಿ, ಆದರೆ ಅಲ್ಲಿನ ರೈಲಲ್ಲಿ ಚೆರ್ಮಾಕ್ ಸ್ಟೇಷನ್ ಯಾವಾಗ ಬರುತ್ತೆ ಅಂತ ಕೇಳಿದರೆ ಜನ ಮುಖ ಮುಖ ನೋಡ್ತಾರೆ.

ಸೌದೆ ವ್ಯಾಪಾರದ ಬಗ್ಗೆ. ಇದನ್ನ ಇಲ್ಲಿನವರು ಸೌದೆ ಡಿಪೋ ಅಂದ್ಕೊಂಡುಬಿಡ್ತಾರೆ. ಅಡುಗೆಗೆ ಉರಿಸೋ ದಪ್ಪ ಸೌದೆ ಅಲ್ಲ ಅದು. ಆ ಕಾಲದ ಶಿಕಾಗೋ ಮನೆಗಳಲ್ಲಿ ಕಲ್ಲಿದ್ದಲ ಒಲೆ. ಕಲ್ಲಿದ್ದಲಿಗೆ ಬೆಂಕಿಕಡ್ಡಿ ಹಚ್ಚಿದರೆ ಹತ್ತಿಕೊಳ್ಳಲ್ಲ. ಕೆಳಗೆ ಕಾಗದ, ಅದರ ಮೇಲೆ ಒಣಗಿದ ಸಣ್ಣ ಚಕ್ಕೆ, ಅದು ಧಗಧಗ ಅಂದ ಮೇಲೆ ಕಲ್ಲಿದ್ದಲು. ಒಲೆ ಆರಿದಾಗಲೆಲ್ಲ ಚಕ್ಕೆ ಬೇಕು, ಚಳಿಗಾಲದಲ್ಲಂತೂ ಬೇಕೇ ಬೇಕು. ಚೆಕ್ ಜನ ಕಿಕ್ಕಿರಿದಿದ್ದ ಪಿಲ್ಸೆನ್ ಬಡಾವಣೆಯ ಪಕ್ಕದಲ್ಲೇ, ನದಿಯ ದಕ್ಷಿಣ ಕವಲಿನ ಉದ್ದಕ್ಕೂ, ಮರದ ಅಡ್ಡೆಗಳ ಸಾಲು. ಅಲ್ಲಿ ಉಳಿದ ಚೂರು ಪಾರು ಇಲ್ಲಿನವರ ಅಗತ್ಯ. ನಡುವೆ ಬೇಕಾಗಿದ್ದು ಒಂದು ಕುದುರೆ, ಒಂದು ಗಾಡಿ.

ಈ ವ್ಯಾಪಾರದಲ್ಲಿ ಲಾಭ ಚಿಲ್ಲರೆ. ಸಂಪಾದನೆ ಬೇರೆ ಕಡೆ ಇದೆ: ಮನೆ ಮನೆ ಹಿಂದಿನ ಬಾಗಿಲು ಪರಿಚಯ ಆಗುತ್ತೆ. ಯಾರ ಮನೇಲಿ ಕೆಲಸ ಹೋಗಿದೆ, ಯಾರು ಸಾಲ ಹೇಳ್ತಾರೆ, ಯಾರಿಗೆ ಇನ್ನೂ ಪೌರತ್ವ ಕಾಗದ ಸಿಕ್ಕಿಲ್ಲ, ಎಲ್ಲ ಗಾಡಿಯವನಿಗೆ ಗೊತ್ತು. ನಮ್ಮಲ್ಲಿ ಹಾಲಿನವನಿಗೂ ಪೇಪರ್ ಏಜೆಂಟನಿಗೂ ಗೊತ್ತಿರೋ ಹಾಗೆ.

ಕಡತ ಕೀಟ:
ಚಕ್ಕೆಗಿಂತ ಮುಖ್ಯವಾದದ್ದು ಬಿಲ್ಡಿಂಗ್ ಅಂಡ್ ಲೋನ್ ಸಂಘ. ಶಿಕಾಗೋದ ಲಾನ್‌ಡೇಲ್ ಬಡಾವಣೆ ಕಡೆ ನಿವೇಶನ ವ್ಯವಹಾರಕ್ಕೆ ಇಳಿದ ಮೇಲೆ ಸರ್ಮ್ಯಾಕ್ ಇಂಥ ಸಂಘದಲ್ಲೂ ಇದ್ದ. ಇದು ನಮ್ಮ ಚೀಟಿಗೂ ಗೃಹ ನಿರ್ಮಾಣ ಸಹಕಾರ ಸಂಘಕ್ಕೂ ಹುಟ್ಟಿದ ಕೂಸಿನ ಹಾಗೆ. ಸದಸ್ಯ ಷೇರು ಬರೆಸ್ಕೋತಾನೆ, ಹಣ ಒಟ್ಟಿಗೆ ಕೊಡಲ್ಲ, ವಾರ ವಾರ ಕಂತು. ಹಾಗೆ ಕೂಡಿದ ದುಡ್ಡಲ್ಲಿ ಸದಸ್ಯನೊಬ್ಬನಿಗೆ ಮನೆ ಸಾಲ. ಸಾಲಗಾರ ಬಡ್ಡಿ ಕಟ್ಟುತ್ತಾ ತನ್ನ ಷೇರಿನ ಕಂತೂ ಕಟ್ಟಬೇಕು. ಕಂತು ಮತ್ತು ಅದರ ಮೇಲಿನ ಲಾಭಾಂಶ ಸೇರಿ ಷೇರಿನ ಮುಖಬೆಲೆ ಮುಟ್ಟಿದ ದಿನ ಷೇರು ಸಾಲಕ್ಕೆ ವಜಾ, ಮನೆ ಅವನದು.

ಎಲ್ಲಿ ಕೆಡುತ್ತೆ ಅಂದರೆ, ಈ ಯಂತ್ರ ನಡೆಯೋದು ವಾರದ ಕೂಲಿ ಇರೋತನಕ ಮಾತ್ರ. 1929ರ ಷೇರುಪೇಟೆ ಕುಸಿತದ ನಂತರ ಕೂಲಿ ನಿಂತು ಕಂತೂ ನಿಂತಿತು. ಷೇರು ಹಿಂತೆಗೆದುಕೊಳ್ಳೋಕೆ ಎಲ್ಲರೂ ಒಟ್ಟಿಗೆ ಬಂದರು, ಸಂಘದ ಹತ್ತಿರ ಇದ್ದದ್ದು ಮನೆ ಪತ್ರಗಳು, ನಗದು ಅಲ್ಲ. ಬೆಂಗಳೂರಲ್ಲಿ ಠೇವಣಿ ಇಟ್ಟು ಬಾಗಿಲ ಮುಂದೆ ಸಾಲು ನಿಂತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆದರೆ ಅದಕ್ಕೆ ಮುಂಚಿನ ಇಪ್ಪತ್ತು ವರ್ಷ, ವಲಸಿಗನಿಗೆ ಮನೆ ಕೊಡಿಸೋ ವ್ಯಾಪಾರಿ ಅಂದರೆ ಮತದಾರನ ವಿಳಾಸ ಗಟ್ಟಿ ಮಾಡೋ ವ್ಯಾಪಾರಿ. ಬಾಡಿಗೆದಾರ ಊರು ಬದಲಿಸ್ತಾನೆ, ಮನೆ ಇದ್ದವನು ವಾರ್ಡು ಬಿಡಲ್ಲ.

ಸುಂಕದಕಟ್ಟೆ 44:
ವಿಳಾಸ ಆಯ್ತು, ಮತ ಹೇಗೆ? ವಲಸಿಗರಿಗೆ ಮತ ಎಲ್ಲಿಂದ ಬಂತು ಸ್ವಾಮಿ?

ವಾರ್ಡ್ ಲೆಕ್ಕ:
ಅದೇ ಅಸಲು ಕೆಲಸ. 1906ರ ಪೌರತ್ವ ಕಾಯ್ದೆ ಪ್ರಕಾರ ಮೆಟ್ಟಿಲುಗಳು ಹೀಗಿದ್ದವು. ಮೊದಲು "ಪೌರನಾಗುವ ಇರಾದೆ ಇದೆ" ಅಂತ ಒಂದು ಘೋಷಣೆ, ಜನರ ಬಾಯಲ್ಲಿ ಇದಕ್ಕೆ ಮೊದಲ ಕಾಗದ ಅಂತ ಹೆಸರು. ಆಮೇಲೆ ಕನಿಷ್ಠ 2 ವರ್ಷ ಕಾಯಬೇಕು, 7 ವರ್ಷ ದಾಟಿದರೆ ಘೋಷಣೆ ಸತ್ತುಹೋಗುತ್ತೆ. ದೇಶದಲ್ಲಿ ಒಟ್ಟು 5 ವರ್ಷ ವಾಸ ಆಗಿರಬೇಕು. ನಂತರ ಅರ್ಜಿ, ಜೊತೆಗೆ ಇಬ್ಬರು ಸಾಕ್ಷಿಗಳು. ಇಂಗ್ಲಿಷ್ ಮಾತಾಡೋಕೆ ಬರಬೇಕು. ಕೊನೆಗೆ ನ್ಯಾಯಾಧೀಶರ ಮುಂದೆ ಪ್ರಮಾಣ.

ಗಣಿಯಿಂದಲೋ ಕಸಾಯಿಖಾನೆಯಿಂದಲೋ ಸಂಜೆ ಬರೋ ಮನುಷ್ಯ ಇದನ್ನೆಲ್ಲ ಒಬ್ಬನೇ ಮಾಡ್ಕೊಳ್ಳೋದು ಕಷ್ಟ. ತಪ್ಪುತ್ತಿದ್ದದ್ದು ಮೂರು ಕಡೆ: ಗಡುವು ಮರೆತುಹೋಗೋದು, ಹಡಗಿನ ದಾಖಲೆಯಲ್ಲಿರೋ ಹೆಸರಿಗೂ ಅರ್ಜಿ ಹೆಸರಿಗೂ ತಾಳೆ ಆಗದಿರೋದು, ಸಾಕ್ಷಿ ಆ ದಿನ ಬಾರದಿರೋದು. ಪಕ್ಷದ ಬೂತ್ ನಾಯಕ ಈ ಮೂರನ್ನೂ ನೋಡ್ಕೋತಿದ್ದ. ಕಾಗದ ಕೈಗೆ ಬಂದ ಮೇಲೆ ಮತದಾರರ ಪಟ್ಟಿಗೆ ಸೇರಿಸೋದು, ಚುನಾವಣೆ ದಿನ ಕರ್ಕೊಂಡು ಹೋಗೋದು, ಚಳಿಗಾಲದಲ್ಲಿ ಕಲ್ಲಿದ್ದಲು ಕಳಿಸೋದು, ಮಗನಿಗೊಂದು ಕೆಲಸ. ಸರ್ಮ್ಯಾಕ್ ಶುರು ಮಾಡಿದ್ದು ಈ ಬೂತ್ ಕೆಲಸದಿಂದಲೇ. ಭಾಷಣಕಾರನೇನೂ ಅಲ್ಲ ಅವನು, ಲೆಕ್ಕದ ಮನುಷ್ಯ.

ಹಳೇ ಸಿಪಾಯಿ:
ಎಲ್ಲರೂ ಹೆಂಡದಂಗಡಿ ವಿಷಯ ನಯವಾಗಿ ದಾಟಿಸ್ತಾ ಇದ್ದೀರಿ. 1906ರಲ್ಲಿ ಯುನೈಟೆಡ್ ಸೊಸೈಟೀಸ್ ಅಂತ ಒಕ್ಕೂಟ ಕಟ್ಟಿದರು. ಜರ್ಮನ್, ಚೆಕ್, ಪೋಲಿಷ್ ಹೀಗೆ ನೂರಾರು ಸಂಘಗಳು. ಭಾನುವಾರ ಬಿಯರ್ ಅಂಗಡಿ ಮುಚ್ಚಬಾರದು ಅನ್ನೋದು ಅದರ ಒಂದಂಶದ ಕಾರ್ಯಕ್ರಮ. ಅದರ ಕಾರ್ಯದರ್ಶಿ ಯಾರು? ಇದೇ ಸರ್ಮ್ಯಾಕ್. ಬ್ರೂವರಿಗಳ ದುಡ್ಡು ಅದರ ಹಿಂದೆ ಇತ್ತು. 1915ರಲ್ಲಿ ಮೇಯರ್ ಥಾಂಪ್ಸನ್ ಭಾನುವಾರ ಅಂಗಡಿ ಮುಚ್ಚಿಸಿದಾಗ ದೊಡ್ಡ ಮೆರವಣಿಗೆ ತೆಗೆದದ್ದೂ ಇದೇ ಒಕ್ಕೂಟ. ಮದ್ಯದ ಲಾಬಿ ಅನ್ನೋಣ, ತಪ್ಪೇನಿದೆ?

ಪೇಟೆ ಚರಿತ್ರೆ:
ಲಾಬಿ ಅನ್ನೋದು ಸರಿ. ಆದರೆ ಅದೊಂದೇ ಅಂದರೆ ಅರ್ಧ. ವಾರಕ್ಕೆ ಆರು ದಿನ ದುಡಿದವನಿಗೆ ಭಾನುವಾರದ ಬಿಯರ್ ತೋಟ ಅಂದರೆ ಕುಟುಂಬ, ಬ್ಯಾಂಡು, ಸಂಘದ ಸಭೆ, ಎಲ್ಲ ಒಂದೇ ಜಾಗ. ಹಳೇ ಪ್ರೊಟೆಸ್ಟಂಟ್ ಶ್ರೀಮಂತರು ಅದನ್ನ ಮುಚ್ಚಿಸೋಕೆ ಹೊರಟಾಗ, ಒಬ್ಬರ ಮುಖ ಒಬ್ಬರು ನೋಡದ ಚೆಕ್ಕರೂ ಪೋಲರೂ ಜರ್ಮನ್ನರೂ ಮೊದಲ ಸಲ ಒಂದೇ ಪಟ್ಟಿಯಲ್ಲಿ ಸೇರಿದರು. ಆ ಸದಸ್ಯರ ಪಟ್ಟಿ ಕಾರ್ಯದರ್ಶಿ ಕೈಯಲ್ಲಿ. 1920ರಲ್ಲಿ ಪಾನನಿಷೇಧ ಬಂದ ಮೇಲಂತೂ ಆ ಪಟ್ಟಿ ಬಂಗಾರ ಆಯ್ತು. 1931ರಲ್ಲಿ ಅವನು ಸೋಲಿಸಿದ್ದೂ ಅದೇ ಥಾಂಪ್ಸನ್ನನ್ನ, 16 ವರ್ಷದ ಮೇಲೆ, ಸುಮಾರು 2 ಲಕ್ಷ ಮತಗಳ ಅಂತರದಲ್ಲಿ.

ಆ ಚುನಾವಣೆಯಲ್ಲಿ ಥಾಂಪ್ಸನ್ ಮಾಡಿದ ದೊಡ್ಡ ತಪ್ಪು ಹೆಸರನ್ನ ಆಡ್ಕೊಂಡದ್ದು. ತಳ್ಳುಗಾಡಿ ಟೋನಿ, ಇಂಥ ಹೆಸರಿನವನು (1933ಕ್ಕೆ ಶಿಕಾಗೋದಲ್ಲಿ ನಡೆಯಬೇಕಿದ್ದ) ವಿಶ್ವ ಮೇಳದ ಮೇಯರಾ ಅಂತ ಪ್ರಾಸ ಕಟ್ಟಿ ಹಾಡಿಸಿದ. ಸರ್ಮ್ಯಾಕ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಮೊದಮೊದಲ ಇಂಗ್ಲಿಷ್ ವಲಸಿಗರ ಮೇಫ್ಲವರ್ ಹಡಗಲ್ಲಿ ಬಂದವನಲ್ಲ ನಾನು, ಆದರೆ ಬರೋಕೆ ಆದಷ್ಟು ಬೇಗ ಬಂದೆ. ಬಾಯಲ್ಲಿ ಸಿಕ್ಕಿಹಾಕಿಕೊಳ್ಳೋ ಹೆಸರಿನ ಲಕ್ಷಾಂತರ ಜನ ಇರೋ ಊರಲ್ಲಿ ಹೆಸರನ್ನ ಅಣಕಿಸಬಾರದು. ಥಾಂಪ್ಸನ್ ನಂತರ ಇವತ್ತಿನವರೆಗೂ ಶಿಕಾಗೋಗೆ ರಿಪಬ್ಲಿಕನ್ ಮೇಯರ್ ಬಂದಿಲ್ಲ.

ಸುಂಕದಕಟ್ಟೆ 44:
ಅಲ್ಲಿ ಮೇಯರ್ ಅಂದರೆ ರಾಜ. ನಮ್ಮಲ್ಲಿ ಗೌನು, ಸರ, ಕರಗದ ದಿನ ಮುಂದಿನ ಸಾಲಿನ ಕುರ್ಚಿ. ಕಾನೂನಲ್ಲಿ ಅಧಿಕಾರ ಕೊಟ್ಟರೆ ನಮ್ಮಲ್ಲೂ ಸರ್ಮ್ಯಾಕ್ ಹುಟ್ತಾನೆ.

ಕಡತ ಕೀಟ:
ಇಲ್ಲೇ ಎಡವೋದು. ಕಾಗದದ ಮೇಲೆ ಶಿಕಾಗೋ ಮೇಯರ್ ಬಲಹೀನ, ಕೌನ್ಸಿಲ್ ಬಲಿಷ್ಠ. 1923ರಿಂದ 50 ವಾರ್ಡು, ವಾರ್ಡಿಗೊಬ್ಬ ಆಲ್ಡರ್‌ಮನ್ (ನಮ್ಮ ಕಾರ್ಪೊರೇಟರ್ ಹಾಗೆ), ಬಜೆಟ್ ಅವರ ಮತ ಇಲ್ಲದೆ ಕದಲಲ್ಲ. ಸರ್ಮ್ಯಾಕ್ ಗಟ್ಟಿಯಾದದ್ದು ಕುರ್ಚಿಯಿಂದಲ್ಲ. 1928ರಲ್ಲಿ ಪಕ್ಷದ ಊರಿನ ನಾಯಕ ಜಾರ್ಜ್ ಬ್ರೆನನ್ ತೀರಿಕೊಂಡ ಮೇಲೆ ಡೆಮಾಕ್ರಟಿಕ್ ಪಕ್ಷದ ಹಿಡಿತ ಇವನ ಕೈಗೆ ಬಂತು. ಅದಕ್ಕೂ ಮುಂಚೆ 1922ರಿಂದ ಕೌಂಟಿ ಅಧ್ಯಕ್ಷ: ಆಸ್ಪತ್ರೆಯ ನೇಮಕ, ರಸ್ತೆ ಗುತ್ತಿಗೆ, ಮೀಸಲು ಅರಣ್ಯದ ಕೆಲಸ, ಸಾವಿರಾರು ಹುದ್ದೆ. ಯಾರಿಗೆ ಟಿಕೆಟ್ ಅನ್ನೋದನ್ನ ನಿರ್ಧರಿಸೋನೂ ಅವನೇ, ಕೆಲಸ ಕೊಡೋನೂ ಅವನೇ, ಆಮೇಲೆ ಮೇಯರೂ ಅವನೇ. ಇನ್ನು ಯಾವ ಆಲ್ಡರ್‌ಮನ್ ಎದುರು ಮಾತಾಡ್ತಾನೆ?

ಮತ್ತೆ, ಟಿಕೆಟ್ ಹಂಚೋದರಲ್ಲಿ ಅವನ ಕೈ ಚಳಕ ಇತ್ತು. ಅಲ್ಲೀತನಕ ಪಕ್ಷ ಐರಿಷ್ ಮನೆತನಗಳ ಸ್ವತ್ತು. ಇವನು ಅವರನ್ನ ಓಡಿಸಲಿಲ್ಲ, ಪಕ್ಕಕ್ಕೆ ಸರಿಸಿ ಕೂರಿಸಿದ. ಪೋಲರಿಗೊಂದು, ಯಹೂದಿಗಳಿಗೊಂದು, ಜರ್ಮನ್ನರಿಗೊಂದು, ಐರಿಷರಿಗೆ ಇನ್ನೂ ಒಂದೆರಡು. 1932ರಲ್ಲಿ ಹೆನ್ರಿ ಹಾರ್ನರ್ ಇಲಿನಾಯ್‌ನ ಮೊದಲ ಯಹೂದಿ ಗವರ್ನರ್ ಆಗಿ ಗೆದ್ದದ್ದು ಈ ಲೆಕ್ಕದಲ್ಲೇ.

ಮಲ್ಲೇಶ್ವರ ಅಡ್ಡರಸ್ತೆ:
ಈಗ ಇದನ್ನ ನಮ್ಮೂರಿಗೆ ಹಚ್ಚಿ ನೋಡಿ. ಬಿಬಿಎಂಪಿ ಕಾಲದಲ್ಲಿ, ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ ಪ್ರಕಾರ, ಮೇಯರ್ ಅವಧಿ 1 ವರ್ಷ ಇತ್ತು. 2015ರಿಂದ 2020ರೊಳಗೆ ಬಿಬಿಎಂಪಿಗೆ 5 ಮೇಯರ್. ಆ ಒಂದು ವರ್ಷ ಹೇಗೆ ಕರಗ್ತಿತ್ತು ಅಂತ ತಿಂಗಳ ಲೆಕ್ಕ ಹಾಕ್ತೀನಿ. ಆಯ್ಕೆ ಸೆಪ್ಟೆಂಬರ್ ಕೊನೆಗೆ. ಸ್ಥಾಯಿ ಸಮಿತಿಗಳ ಹಂಚಿಕೆ ಜಗಳ ಮುಗಿಯೋಷ್ಟರಲ್ಲಿ ಡಿಸೆಂಬರ್. ಬಜೆಟ್ ಫೆಬ್ರವರಿ-ಮಾರ್ಚ್, ಅದನ್ನ ಮಂಡಿಸ್ತಿದ್ದೋರು ಮೇಯರ್ ಅಲ್ಲ, ತೆರಿಗೆ ಮತ್ತು ಹಣಕಾಸು ಸಮಿತಿ ಅಧ್ಯಕ್ಷರು. ಆಮೇಲೆ ಕಡತ ವಿಧಾನಸೌಧದ ಕಡೆ ಅನುಮೋದನೆಗೆ. ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ ಅನ್ನೋಷ್ಟರಲ್ಲಿ ಮಳೆಗಾಲ. ಡಾಂಬರು ಹಾಕೋಕಾಗ್ತಿರಲಿಲ್ಲ. ಮಳೆ ನಿಲ್ಲೋ ಹೊತ್ತಿಗೆ ಹೊಸ ಮೇಯರ್.

ಇನ್ನೊಂದು. ಆಯ್ಕೆಯಲ್ಲಿ ಕಾರ್ಪೊರೇಟರ್ ಜೊತೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಮತ ಹಾಕ್ತಿದ್ದರು. 2015ರಲ್ಲಿ 198 ವಾರ್ಡಲ್ಲಿ ಬಿಜೆಪಿ ಗೆದ್ದದ್ದು 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರು 8. ಆದರೂ ಮೇಯರ್ ಕಾಂಗ್ರೆಸ್ಸಿನವರು. ಅಂದಮೇಲೆ ಮೇಯರ್ ಗಾದಿಯ ಬೀಗದ ಕೈ ಯಾರ ಹತ್ತಿರ?

ಹಳೇ ಸಿಪಾಯಿ:
ವರ್ಷಕ್ಕೊಬ್ಬರು ಆಗೋಕೆ ಮೀಸಲಾತಿ ಸರದಿ ಕಾರಣ ಅಂತ ಹೇಳೋರಿದ್ದಾರೆ. ಅದೂ ಬರಲಿ ಚರ್ಚೆಗೆ.

ಮಲ್ಲೇಶ್ವರ ಅಡ್ಡರಸ್ತೆ:
ಮೀಸಲಾತಿ ಮೇಲೆ ಗೂಬೆ ಕೂರಿಸಬೇಡಿ. ಸರದಿಯನ್ನ 30 ತಿಂಗಳಿಗೊಮ್ಮೆಯೂ ಮಾಡಬಹುದು. 2020ರ ಬಿಬಿಎಂಪಿ ಕಾಯ್ದೆಯಲ್ಲಿ ಅದೇ ಬರೆದಿತ್ತು. ಆದರೆ 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಮುಗೀತು, ಚುನಾವಣೆಯೇ ಆಗಲಿಲ್ಲ, ಆಡಳಿತಾಧಿಕಾರಿ ಬಂದರು, ಆ ಕಾಯ್ದೆಯಡಿ ಒಬ್ಬ ಮೇಯರೂ ಕೂರಲಿಲ್ಲ. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2025ರ ಸೆಪ್ಟೆಂಬರ್‌ನಿಂದ ಊರು 5 ಪಾಲಿಕೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಕೂತ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಶಿಕಾಗೋದಲ್ಲಿ 1907ರಲ್ಲೇ ಮೇಯರ್ ಅವಧಿಯನ್ನ 2 ವರ್ಷದಿಂದ 4ಕ್ಕೆ ಏರಿಸಿದ್ದರು.

ಸುಂಕದಕಟ್ಟೆ 44:
ಸರಿ, ಹೊರಗಿನವರ ಪ್ರಶ್ನೆಗೆ ಬರೋಣ. ಕಾನೂನು ಏನನ್ನುತ್ತೆ?

ಕಡತ ಕೀಟ:
ಕಾನೂನಿಗೆ ಮೂಲ ಊರು ಬೇಡ. ಭಾರತದ ಪೌರ, 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹೊಸದಾಗಿ ಸೇರಿಸೋಕೆ ನಮೂನೆ 6, ಬೇರೆ ಊರಿಂದ ಹೆಸರು ವರ್ಗಾಯಿಸೋಕೆ ನಮೂನೆ 8. ಸಾಮಾನ್ಯವಾಗಿ ವಾಸ ಇರೋ ವಿಳಾಸ ಕೊಡಬೇಕು, ಬರೀ ಅಂಗಡಿ ವಿಳಾಸ ನಡೆಯಲ್ಲ. ಚಿಕ್ಕಪೇಟೆಯಲ್ಲಿ ಅಂಗಡಿ, ವಾಸ ಇನ್ನೆಲ್ಲೋ ಇರೋ ವ್ಯಾಪಾರಿಗಳು ಸಿಕ್ಕಿಬೀಳೋದು ಇಲ್ಲಿ. ಎರಡನೇ ತೊಡಕು: ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಬೇರೆಯವರ ಮೂಲಕವೋ ಪಾಲಿದ್ದರೆ ಅನರ್ಹತೆ. ಮೂರನೇದು, ನೋಟಿಸ್ ಕೊಟ್ಟ ಮೇಲೂ ಕಟ್ಟದ ಪಾಲಿಕೆ ಬಾಕಿ. ನಾಮಪತ್ರಕ್ಕೆ ಮುಂಚೆ ಎಲ್ಲ ಆಸ್ತಿಗಳ ತೆರಿಗೆ ರಸೀದಿ ಒಂದು ಕಡೆ ಇಟ್ಕೊಳ್ಳೋದು ಜಾಣತನ, ಕೂಡು ಕುಟುಂಬದ ಹಳೇ ಗೋದಾಮು ಸೇರಿ.

ಪೇಟೆ ಚರಿತ್ರೆ:
ಕಾನೂನಿಗೆ ಬೇಡ, ಊರಿಗೆ ಬೇಕು. ಭಾಷೆ. ಸರ್ಮ್ಯಾಕ್ ಚೆಕ್ಕರ ಸಭೆಯಲ್ಲಿ ಚೆಕ್ ಮಾತಾಡಿದ, ಊರಿನ ಕೆಲಸ ಇಂಗ್ಲಿಷಲ್ಲಿ ನಡೆಸಿದ. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಅವನಿಗೂ. ಇಲ್ಲಿ ವಾರ್ಡ್ ಸಭೆಯಲ್ಲಿ ಕನ್ನಡದ ಅರ್ಜಿ ಓದೋಕೆ ಪಕ್ಕದವರನ್ನ ನೋಡೋ ಅಭ್ಯರ್ಥಿ ಆ ಹೋಲಿಕೆ ತರಬಾರದು. ಹಾಗಂತ ವಲಸಿಗ ವ್ಯಾಪಾರಿಗಳು ಈ ಊರಿಗೆ ಏನೂ ಮಾಡಿಲ್ಲ ಅನ್ನೋದೂ ಸುಳ್ಳು. ಆರ್ಕಾಟ್ ಮೂಲದ ನಾರಾಯಣಸ್ವಾಮಿ ಮೊದಲಿಯಾರ್ ಅಠಾರಾ ಕಚೇರಿ (ಈಗಿನ ಹೈಕೋರ್ಟ್) ಕಟ್ಟಡದ ಗುತ್ತಿಗೆದಾರರು, 1873ರಲ್ಲಿ ಶುರು ಮಾಡಿದ ಶಾಲೆಯ ಸಂಸ್ಥೆ ಇನ್ನೂ ನಡೀತಿದೆ. ಇವತ್ತಿನ ನಿಯಮದಲ್ಲಾದರೆ ಗುತ್ತಿಗೆ ಬಿಟ್ಟೇ ಪಾಲಿಕೆಗೆ ನಿಲ್ಲಬೇಕಿತ್ತು.

ಹಳೇ ಸಿಪಾಯಿ:
ಸರ್ಮ್ಯಾಕ್‌ನ ಹೊಗಳಿಕೆ ಜಾಸ್ತಿ ಆಯ್ತು, ಇನ್ನೊಂದು ಮಗ್ಗುಲೂ ಇರಲಿ. ಗದ್ದುಗೆ ಏರಿದ್ದೇ ಥಾಂಪ್ಸನ್ ಕಾಲದ ತಾತ್ಕಾಲಿಕ ನೌಕರರನ್ನ ಸಾಮೂಹಿಕವಾಗಿ ಕಿತ್ತ. ಹೊಡೆತ ತಿಂದವರಲ್ಲಿ ದಕ್ಷಿಣ ಭಾಗದ ಕರಿಯರು ಬಹಳ ಮಂದಿ, ಯಾಕೆಂದರೆ ಅವರು ರಿಪಬ್ಲಿಕನ್ ಮತದಾರರು. ಜೂಜುಕಟ್ಟೆಗಳ ಮೇಲೆ ಪೊಲೀಸ್ ದಾಳಿಯೂ ಆ ಬಡಾವಣೆಗಳ ಮೇಲೇ ಬಿಗಿ. ಅವನ ಬಹುವರ್ಣದ ಪಟ್ಟಿಯಲ್ಲಿ ಆ ಒಂದು ಬಣ್ಣಕ್ಕೆ ಜಾಗ ಇರಲಿಲ್ಲ.

ಹಣಕಾಸು ಇನ್ನೂ ಕೆಟ್ಟದು, ಅದು ಪೂರ್ತಿ ಅವನ ತಪ್ಪಲ್ಲ. 1928ರಲ್ಲಿ ಕುಕ್ ಕೌಂಟಿಯ ಆಸ್ತಿ ಮೌಲ್ಯ ಮತ್ತೆ ಲೆಕ್ಕ ಹಾಕಿ ಅಂತ ಆದೇಶ ಆಯ್ತು. ಅದು ಮುಗಿಯೋತನಕ ಬಿಲ್ಲು ಹೊರಡಲಿಲ್ಲ, 1928ರ ತೆರಿಗೆ ಬಿಲ್ಲು ಜನರ ಕೈ ಸೇರಿದ್ದು 1930ರಲ್ಲಿ. ಅಷ್ಟರಲ್ಲಿ ಕುಸಿತ ಬಂದಿತ್ತು. ಆಸ್ತಿದಾರರ ಸಂಘ ತೆರಿಗೆ ಕಟ್ಟಬೇಡಿ ಅಂತ ಮುಷ್ಕರ ಹೂಡಿತು. ನಗರ ಆಡಳಿತ ಮುಂದೆ ಬರೋ ತೆರಿಗೆಯನ್ನ ಅಡ ಇಟ್ಟು ವಾರಂಟ್ ಅನ್ನೋ ಸಾಲಪತ್ರ ಮಾರಿ ದಿನ ದೂಡ್ತಿತ್ತು. ಬ್ಯಾಂಕು ಅದನ್ನ ಕೊಳ್ಳೋದು ನಿಲ್ಲಿಸಿದ ದಿನ ಶಿಕ್ಷಕರ ಸಂಬಳ ನಿಂತಿತು. ಕೆಲವು ತಿಂಗಳು ಸಂಬಳದ ಬದಲು ಚೀಟಿ, ಅಂಗಡಿಯವರು ಅದನ್ನ ಮುಖಬೆಲೆಗೆ ತಗೊಳ್ಳಲ್ಲ.

ಮಲ್ಲೇಶ್ವರ ಅಡ್ಡರಸ್ತೆ:
1932ರಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಈಗ ಪರಿಹಾರದ ಹಣ ಕಳಿಸ್ತೀರೋ ಆಮೇಲೆ ಸೈನ್ಯ ಕಳಿಸ್ತೀರೋ ಅಂತ ಕೇಳಿದ್ದು ಇದೇ ಸಂಕಟಕ್ಕೆ. ಅವನಿಗೆ ಗುಂಡು ಬಿದ್ದ ಊರು ಮಯಾಮಿ, ಅಲ್ಲಿಗೆ ಹೋದದ್ದರ ಹಿಂದೆಯೂ ಅದೇ. 1932ರ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿ ಆಯ್ಕೆಯಲ್ಲಿ ಅವನು ರೂಸ್‌ವೆಲ್ಟ್ ಬದಲು ಆಲ್ ಸ್ಮಿತ್ ಕಡೆ ಇದ್ದ. ಈಗ ರೂಸ್‌ವೆಲ್ಟ್ ದೇಶದ ಅಧ್ಯಕ್ಷರಾಗಿ ಗೆದ್ದಾಗಿತ್ತು, ಸಾಲ ಬೇಕಿತ್ತು, ಮುನಿಸು ತಿಳಿಯಾಗಬೇಕಿತ್ತು.

ಸುಂಕದಕಟ್ಟೆ 44:
ಅಲ್ಲಿ ಹೊಡೆಸಿದ್ದು ಮಾಫಿಯಾದವರು ತಾನೇ? ಎಲ್ಲ ವಿಡಿಯೋಗಳಲ್ಲೂ ಹಾಗೇ ಹೇಳ್ತಾರೆ.

ವಾರ್ಡ್ ಲೆಕ್ಕ:
ಆ ಕಥೆಯ ಬೀಜ ಎಲ್ಲಿದೆ ಅಂದರೆ, 1932ರ ಡಿಸೆಂಬರ್ 19ರಂದು ಶಿಕಾಗೋ ಪೊಲೀಸರು ಮಾಫಿಯಾ ಮುಖಂಡ ಫ್ರಾಂಕ್ ನಿಟ್ಟಿಯ ಕಚೇರಿಗೆ ನುಗ್ಗಿದರು, ಒಬ್ಬ ಸಾರ್ಜೆಂಟ್ ಅವನಿಗೆ ಗುಂಡು ಹೊಡೆದ, ನಿಟ್ಟಿ ಬದುಕಿಕೊಂಡ. ಎರಡೇ ತಿಂಗಳಿಗೆ ಮೇಯರ್‌ಗೆ ಗುಂಡು. ಜನ ಎರಡು ಚುಕ್ಕಿ ಸೇರಿಸಿ ಗೆರೆ ಎಳೆದರು.

ನಡೆದದ್ದು ನೋಡಿ. 1933ರ ಫೆಬ್ರವರಿ 15, ರಾತ್ರಿ, ಮಯಾಮಿಯ ಬೇಫ್ರಂಟ್ ಪಾರ್ಕ್. ರೂಸ್‌ವೆಲ್ಟ್ ತೆರೆದ ಕಾರಲ್ಲಿ ಕೂತೇ ಎರಡು ಮಾತಾಡಿದರು. ಸರ್ಮ್ಯಾಕ್ ಕಾರಿನ ಹತ್ತಿರ ಬಂದು ಮಾತಾಡಿಸಿ ಪಕ್ಕಕ್ಕೆ ಸರಿದ. ಗುಂಡು ಹಾರಿಸಿದ ಜುಸೆಪ್ಪೆ ಜಂಗಾರಾ ಇಟಲಿಯಿಂದ ಬಂದ ಗಾರೆ ಕೆಲಸದವನು, ಎತ್ತರ ಸುಮಾರು 5 ಅಡಿ. ಅಡ ಅಂಗಡಿಯಲ್ಲಿ 8 ಡಾಲರಿಗೆ ಕೊಂಡ .32 ರಿವಾಲ್ವರ್. ಮುಂದಿನವರ ತಲೆ ಅಡ್ಡ ಬಂತು ಅಂತ ಮಡಚೋ ಕುರ್ಚಿ ಹತ್ತಿ ನಿಂತ, ಕುರ್ಚಿ ಅಲ್ಲಾಡಿತು. ಪಕ್ಕದ ಹೆಂಗಸು ಅವನ ತೋಳಿಗೆ ಅಡ್ಡ ಹೋದಳು. 5 ಗುಂಡು, 5 ಜನಕ್ಕೆ ತಾಗಿತು, ರೂಸ್‌ವೆಲ್ಟ್‌ಗೆ ಒಂದೂ ಇಲ್ಲ. ಬಾಡಿಗೆ ಕೊಲೆಗಾರ ಇಂಥ ಕುರ್ಚಿಯ ಮೇಲೆ, ದೇಶದ ಮುಂದಿನ ಅಧ್ಯಕ್ಷರ ಕಾವಲಿನ ನಡುವೆ, ಶಿಕಾಗೋ ಬೀದಿಯಲ್ಲಿ ದಿನಾ ಸಿಗೋ ಮೇಯರ್‌ಗೆ ಗುರಿ ಇಡ್ತಾನಾ? ಹಿಡಿದ ಮೇಲೂ ಅವನು ಒಂದೇ ಮಾತು ಹೇಳಿದ: ರಾಜರು, ಅಧ್ಯಕ್ಷರು ಅಂದರೆ ದ್ವೇಷ, ಹೊಟ್ಟೆನೋವು ತಾಳೋಕಾಗ್ತಿಲ್ಲ.

ಮೊದಲು ನಾಲ್ಕು ಪ್ರಕರಣಕ್ಕೆ ಸೇರಿ 80 ವರ್ಷ ಶಿಕ್ಷೆ ಆಯ್ತು. ಸರ್ಮ್ಯಾಕ್ ಸತ್ತ ಮೇಲೆ ಕೊಲೆ ಪ್ರಕರಣ, ತಪ್ಪೊಪ್ಪಿಗೆ, ಮಾರ್ಚ್ 20ಕ್ಕೆ ವಿದ್ಯುತ್ ಕುರ್ಚಿ. ಗುಂಡು ಹಾರಿದ ದಿನದಿಂದ 33 ದಿನ.

ಕಡತ ಕೀಟ:
ಸಾವಿನ ಕಾರಣದಲ್ಲೂ ಒಂದು ಗಂಟಿದೆ. ಗುಂಡು ಬಿದ್ದ ಮೇಲೆ 19 ದಿನ ಬದುಕಿದ್ದ, ನಡುವೆ ಚೇತರಿಸಿಕೊಳ್ಳೋ ಹಾಗೆ ಕಂಡ. ಆಮೇಲೆ ದೊಡ್ಡ ಕರುಳಿನ ಉರಿಯೂತ, ನ್ಯುಮೋನಿಯಾ, ಶ್ವಾಸಕೋಶದಲ್ಲಿ ಕೊಳೆತ. ಪೆನಿಸಿಲಿನ್ ಆಸ್ಪತ್ರೆಗೆ ಬರೋಕೆ ಇನ್ನೂ ಹತ್ತು ವರ್ಷ ಇತ್ತು. ಗುಂಡಲ್ಲ, ಮೊದಲೇ ಇದ್ದ ಕರುಳ ಹುಣ್ಣು ಒಡೆದು ನಂಜಾದದ್ದೇ ಕಾರಣ ಅಂತ ಮುಂದೆ ವೈದ್ಯರು ವಾದಿಸಿದ್ದಾರೆ. "ನಿಮಗಲ್ಲ, ನನಗೆ ತಾಗಿದ್ದೇ ಒಳ್ಳೇದಾಯ್ತು" ಅಂತ ರೂಸ್‌ವೆಲ್ಟ್‌ಗೆ ಹೇಳಿದನಂತೆ ಅನ್ನೋ ಮಾತು ಸಮಾಧಿಯ ಮೇಲೆ ಕೆತ್ತಿದೆ. ನಿಜಕ್ಕೂ ಹೇಳಿದನಾ ಅನ್ನೋದು ಸಂಶಯ, ಪತ್ರಿಕೆಯವರ ಒಗ್ಗರಣೆ ಅನ್ನೋರೇ ಹೆಚ್ಚು.

ಪೇಟೆ ಚರಿತ್ರೆ:
ಮುಂದಿನದು ಚುಟುಕಾಗಿ. ಕೌನ್ಸಿಲ್ ಮೊದಲು ಫ್ರಾಂಕ್ ಕಾರ್ ಅವರನ್ನ ಹಂಗಾಮಿಯಾಗಿ ಕೂರಿಸಿತು, ಆಮೇಲೆ ಎಡ್ವರ್ಡ್ ಕೆಲ್ಲಿ. ಐರಿಷರ ಕೈಗೆ ಗಾದಿ ಮರಳಿತು, ಆದರೆ ಪಟ್ಟಿ ಹಂಚೋ ಪದ್ಧತಿ ಸರ್ಮ್ಯಾಕ್‌ನದೇ ಉಳೀತು. ಅಳಿಯ ಓಟೊ ಕರ್ನರ್ 1961ರಿಂದ 1968ರವರೆಗೆ ಇಲಿನಾಯ್ ಗವರ್ನರ್. ಅಮೆರಿಕದ ಜನಾಂಗೀಯ ಗಲಭೆಗಳ ಕಾರಣ ಹುಡುಕಿದ ಆಯೋಗಕ್ಕೆ ಅವರದೇ ಹೆಸರು. ಮಾವ ಪಟ್ಟಿಯಿಂದ ಹೊರಗಿಟ್ಟವರ ಬಗ್ಗೆ ಅಳಿಯ ವರದಿ ಬರೆಸಿದ್ದು.

ಸುಂಕದಕಟ್ಟೆ 44:
ರಸ್ತೆಗೆ ಹೆಸರಿಟ್ಟಿದ್ದಾರಾ? ನಮ್ಮಲ್ಲಾದರೆ ಮೊದಲು ಆಗೋ ಕೆಲಸ ಅದು.

ವಾರ್ಡ್ ಲೆಕ್ಕ:
ಅಲ್ಲೂ ಅಷ್ಟೇ. 22ನೇ ರಸ್ತೆ ಈಗ ಸರ್ಮ್ಯಾಕ್ ರೋಡ್. ಅದರಲ್ಲಿ ಪೂರ್ವದಿಂದ ಹೊರಟರೆ ಚೀನಾಟೌನ್ ಸಿಗುತ್ತೆ, ಕೆಂಪು ಮಾರ್ಗದ ಸ್ಟೇಷನ್ನಿಗೆ ಸರ್ಮ್ಯಾಕ್-ಚೀನಾಟೌನ್ ಅಂತಲೇ ಹೆಸರು. ಪಶ್ಚಿಮಕ್ಕೆ ಹೋದರೆ ಪಿಲ್ಸೆನ್. ಬಡಾವಣೆ ಹೆಸರು ಚೆಕ್ ಊರಿನದು, ಅಂಗಡಿ ಫಲಕ ಎಷ್ಟೋ ಕಡೆ ಮೆಕ್ಸಿಕೋದಿಂದ ಬಂದವರ ಸ್ಪ್ಯಾನಿಷಲ್ಲಿ.